ಕ್ಯಾಮೆರಾ ಬ್ಯಾಗು, ಕೇಸು ಆರಿಸೋದು ಹೇಗೆ: ಹೊತ್ಕೊಂಡು ಹೋಗೋಕೂ ಜೋಪಾನವಾಗಿ ಇಡೋಕೂ ಸಮಗ್ರ ಮಾರ್ಗದರ್ಶಿ

ಒಂದು ಮಳೆಗಾಲ ಪೂರ್ತಿ ನನ್ನ 50 ಎಂಎಂ ಲೆನ್ಸು ಬ್ಯಾಗಲ್ಲೇ ಇತ್ತು. ಬ್ಯಾಗೇನೂ ಕೆಟ್ಟದ್ದಲ್ಲ, ದಪ್ಪ ಪ್ಯಾಡಿಂಗು, ಗಟ್ಟಿ ಬಟ್ಟೆ, ಜಿಪ್ ಪೂರ್ತಿ ಎಳೆದು ಬೀರು ಒಳಗಿಟ್ಟಿದ್ದೆ, ಅದಕ್ಕಿಂತ ಸೇಫ್ ಜಾಗ ಇನ್ನೆಲ್ಲಿರತ್ತೆ ಅಂದ್ಕೊಂಡಿದ್ದೆ. ಮಳೆ ನಿಂತ ಮೇಲೆ ತೆಗೆದು, ಹಿಂದಿನ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದ್ರೆ ಅಂಚಿಂದ ಒಳಕ್ಕೆ ಬಿಳಿ ಎಳೆಗಳು, ಕೂದಲಿಗಿಂತ ಸಣ್ಣವು, ಜೇಡರ ಬಲೆ ಥರ ಕವಲೊಡೆದು ಹಬ್ಬಿದ್ವು. ಬೂಷ್ಟು. ಆ ಬ್ಯಾಗು ಲೆನ್ಸನ್ನ ಪೆಟ್ಟಿಂದ ಕಾಪಾಡಿತ್ತು, ಆದ್ರೆ ಅದರ ಫೋಮು, ಬಟ್ಟೆ ಎಲ್ಲಾ ತೇವ ಹೀರ್ಕೊಂಡು ಅದೇ ತೇವದಲ್ಲಿ ಲೆನ್ಸನ್ನ ಮೂರು ತಿಂಗಳು ಮುಚ್ಚಿಟ್ಟಿತ್ತು.

ಹಾಗಾಗಿ ಬ್ಯಾಗು ಯಾವ್ದು ತಗೋಬೇಕು ಅಂತ ಯಾರು ಕೇಳಿದ್ರೂ ನಾನು ಮೊದಲು ಹೇಳೋದು ಇದು: ಹೊತ್ಕೊಂಡು ಹೋಗೋ ಬ್ಯಾಗು ಬೇರೆ, ಮನೇಲಿ ಇಡೋ ಜಾಗ ಬೇರೆ. ಒಂದೇ ಬ್ಯಾಗಲ್ಲಿ ಎರಡೂ ಆಗ್ಲಿ ಅಂತ ಹುಡುಕಿದ್ರೆ ಎರಡೂ ಅರ್ಧಂಬರ್ಧ ಆಗತ್ತೆ. ಹೊರೋ ಬ್ಯಾಗಿಂದ ಶುರು ಮಾಡೋಣ, ಇಡೋ ವಿಷಯ ಕೊನೇಲಿ ವಿವರವಾಗಿ ಬರತ್ತೆ.

ಹೆಜ್ಜೆ 1: ಇರೋ ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ, ತೂಕ ಹಾಕಿ

ಬ್ಯಾಗಿನ ಫೋಟೋ ನೋಡೋದಕ್ಕೂ ಮುಂಚೆ ಇದನ್ನ ಮಾಡಿ. ಒಂದು ಬೆಡ್‌ಶೀಟ್ ಹಾಸಿ, ನೀವು ನಿಜವಾಗ್ಲೂ ಹೊರಗೆ ತಗೊಂಡು ಹೋಗೋ ಸಾಮಾನು ಮಾತ್ರ ಅದರ ಮೇಲಿಡಿ. ಬಾಡಿ (ಲೆನ್ಸ್ ಬಿಟ್ಟು ಕ್ಯಾಮೆರಾ), ಲೆನ್ಸುಗಳು, ಫ್ಲ್ಯಾಶು, ಬ್ಯಾಟರಿ, ಚಾರ್ಜರು, ಕಾರ್ಡ್ ಡಬ್ಬಿ, ಫಿಲ್ಟರು, ಒರೆಸೋ ಬಟ್ಟೆ, ಧೂಳು ಊದೋ ಬ್ಲೋವರು, ಮಳೆ ಕವರು, ನೀರಿನ ಬಾಟ್ಲಿ, ಜಾಕೆಟ್ಟು. ನೀರು, ಜಾಕೆಟ್ಟು ಇವೆರಡನ್ನ ತುಂಬಾ ಜನ ಲೆಕ್ಕಕ್ಕೇ ತಗೊಳ್ಳಲ್ಲ, ಆಮೇಲೆ ಬ್ಯಾಗು ತಂದ್ಮೇಲೆ ಬಾಟ್ಲಿ ಕೈಯಲ್ಲಿ ಹಿಡ್ಕೊಂಡು ಓಡಾಡ್ತಾರೆ.

ಈಗ ತೂಕ. ಫುಲ್ ಫ್ರೇಮ್ ಮಿರರ್‌ಲೆಸ್ (ದೊಡ್ಡ ಸೆನ್ಸರಿದ್ದು ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಬಾಡಿ ಸುಮಾರು 650-750 ಗ್ರಾಂ, ಕನ್ನಡಿ ಇರೋ ದೊಡ್ಡ ಡಿಎಸ್‌ಎಲ್‌ಆರ್ ಆದ್ರೆ 1 ಕೆಜಿ ಆಸುಪಾಸು. 70-200 ಎಫ್ 2.8 ಅನ್ನೋ ದೊಡ್ಡ ಜೂಮ್ ಲೆನ್ಸು ಹೊಸ ಮಿರರ್‌ಲೆಸ್‌ದು ಹತ್ರ ಹತ್ರ 1 ಕೆಜಿ, ಹಳೇ ಡಿಎಸ್‌ಎಲ್‌ಆರ್‌ದು 1.5 ಕೆಜಿವರೆಗೂ ಹೋಗತ್ತೆ. ಒಂದು ಬಾಡಿ, ಮೂರು ಲೆನ್ಸು, ಫ್ಲ್ಯಾಶು, ನೀರು ಸೇರಿದ್ರೆ ಆರಾಮಾಗಿ 5 ಕೆಜಿ. ಅದರ ಮೇಲೆ ಖಾಲಿ ಬ್ಯಾಗಿನದ್ದೇ ತೂಕ 1.5ರಿಂದ 2.5 ಕೆಜಿ ಇರತ್ತೆ, ಟ್ರೈಪಾಡು ಇನ್ನೊಂದು 1.5-2 ಕೆಜಿ. ಈ ಒಟ್ಟು ಸಂಖ್ಯೆ ಒಂದು ಚೀಟೀಲಿ ಬರೆದಿಟ್ಕೊಳ್ಳಿ, ಮುಂದೆ ಎಲ್ಲ ತೀರ್ಮಾನಕ್ಕೂ ಇದು ಬೇಕು.

ಆಮೇಲೆ ಅಳತೆ. ಮೂರು ಅಳತೆ ಸಾಕು. ಅತಿ ಉದ್ದದ ಲೆನ್ಸಿಗೆ ಹುಡ್ (ಲೆನ್ಸ್ ಮುಂದೆ ಬೆಳಕು ತಡೆಯೋ ಕೊಳವೆ) ತಿರುಗಿಸಿ ಹಾಕಿ ಅದರ ಉದ್ದ, ಬಾಡಿಗೆ ಲೆನ್ಸು ಹಾಕೇ ಇಡೋರಾದ್ರೆ ಆ ಜೋಡಿಯ ಉದ್ದ, ಮತ್ತೆ ಬಾಡಿಯ ಎತ್ತರ. ಮೂರನೇದು ಮುಖ್ಯ. ಕೆಳಗೆ ಗ್ರಿಪ್ ಇರೋ ಪ್ರೊಫೆಷನಲ್ ಬಾಡಿಗಳು 15-16 ಸೆಂ.ಮೀ. ಎತ್ತರ ಇರ್ತವೆ, ಎಷ್ಟೋ ತೆಳು ಬ್ಯಾಗುಗಳ ಒಳಗಿನ ಆಳ 13-14 ಸೆಂ.ಮೀ. ಅಷ್ಟೇ. ಒತ್ತಿ ಜಿಪ್ ಎಳೀಬಹುದು, ಆದ್ರೆ ಆ ಒತ್ತಡ ಪ್ರತಿಸಲಾನೂ ಹಿಂದಿನ ಸ್ಕ್ರೀನ್ ಮೇಲೆ, ಡಯಲ್ ಮೇಲೆ ಬೀಳ್ತಾ ಇರತ್ತೆ.

ಕೊನೆಗೆ ಎಲ್ಲಾನೂ ಹತ್ರ ಹತ್ರ ಜೋಡಿಸಿ ಒಂದು ಆಯತ ಮಾಡಿ, ನಡುವೆ ಒಂದೊಂದು ಬೆರಳಿನ ಜಾಗ ಬಿಡಿ (ಅದು ಡಿವೈಡರ್‌ಗೆ, ಅಂದ್ರೆ ಬ್ಯಾಗೊಳಗೆ ಖಾನೆ ಮಾಡೋ ಪ್ಯಾಡಿಂಗ್ ಪಟ್ಟಿಗೆ), ಸುತ್ತ ಅಳತೆ ಟೇಪ್ ಹಿಡಿದು ಅಳೀರಿ. ನಿಮಗೆ ಬೇಕಾದ ಬ್ಯಾಗಿನ ಒಳ ಅಳತೆ ಅದೇ. ಲೀಟರ್ ಲೆಕ್ಕವನ್ನ ಪೂರ್ತಿ ನಂಬ್ಬೇಡಿ, ಯಾಕಂದ್ರೆ 25 ಲೀಟರ್ ಅಂತ ಬರೆದಿರೋದ್ರಲ್ಲಿ ಮೇಲಿನ ಖಾನೆ, ಲ್ಯಾಪ್‌ಟಾಪ್ ಜಾಗ, ಮುಂದಿನ ಜೇಬು ಎಲ್ಲಾ ಸೇರಿರತ್ತೆ, ಕ್ಯಾಮೆರಾಗೆ ಸಿಗೋದು ಅರ್ಧಾನೂ ಇಲ್ಲದೇ ಇರ್ಬಹುದು. ಕಂಪನಿಯವರು ಒಳ ಅಳತೆ, ಹೊರ ಅಳತೆ ಎರಡೂ ಕೊಟ್ಟಿರ್ತಾರೆ, ಒಳ ಅಳತೆ ನೋಡಿ.

ಎಷ್ಟು ಜಾಸ್ತಿ ಜಾಗ ಇರ್ಬೇಕು? ಇನ್ನೊಂದು ಲೆನ್ಸು ಹಿಡಿಸೋಷ್ಟು ಸಾಕು. ದೊಡ್ಡ ಬ್ಯಾಗು ತಗೊಂಡ್ರೆ ಅದು ತುಂಬೇ ತುಂಬತ್ತೆ, ಬೇಕೋ ಬೇಡ್ವೋ ಎಲ್ಲ ತುಂಬ್ಕೊಂಡು ಹೊರಡ್ತೀವಿ, ಎರಡು ಗಂಟೆ ಆದ್ಮೇಲೆ ಭುಜ ನೋವು, ಆಮೇಲೆ ಕ್ಯಾಮೆರಾ ಹೊರಗೆ ತೆಗೆಯೋ ಉತ್ಸಾಹಾನೇ ಇರಲ್ಲ.

ಹೆಜ್ಜೆ 2: ಹೇಗೆ ಓಡಾಡ್ತೀರ ಅನ್ನೋದನ್ನ ಬರೀರಿ

ಕಳೆದ ಹತ್ತು ಸಲ ಕ್ಯಾಮೆರಾ ತಗೊಂಡು ಎಲ್ಲಿಗೆ ಹೋಗಿದ್ರಿ, ಹೇಗೆ ಹೋಗಿದ್ರಿ ಅಂತ ನೆನಪು ಮಾಡ್ಕೊಳ್ಳಿ. ಮುಂದೆ ಹೋಗ್ಬೇಕು ಅಂತಿರೋ ಹಿಮಾಲಯದ ಟ್ರಿಪ್ಪನ್ನ ಬಿಡಿ, ನಿಜವಾಗಿ ಹೋಗಿರೋದನ್ನ ಬರೀರಿ. ಬೈಕಲ್ಲಾ, ಬಸ್ಸಲ್ಲಾ, ಕಾರಲ್ಲಾ, ಕಾಲ್ನಡಿಗೇನಾ? ಎಷ್ಟು ಹೊತ್ತು ಬ್ಯಾಗು ಮೈಮೇಲಿತ್ತು? ಎಷ್ಟು ಸಲ ಲೆನ್ಸ್ ಬದಲಾಯ್ಸಿದ್ರಿ? ಬ್ಯಾಗು ಕೆಳಗಿಡೋಕೆ ಒಣ ಜಾಗ ಸಿಕ್ತಿತ್ತಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕಿದ್ರೆ ಯಾವ ಥರದ ಬ್ಯಾಗು ಅನ್ನೋದು ಮುಕ್ಕಾಲು ಪಾಲು ಗೊತ್ತಾದ ಹಾಗೇ.

ಹೆಜ್ಜೆ 3: ಥರ ಆರಿಸಿ

ಸ್ಲಿಂಗ್ ಬ್ಯಾಗು: ಒಂದೇ ಪಟ್ಟಿ, ಎದೆಗೆ ಅಡ್ಡ ಹಾಕ್ಕೊಳ್ಳೋದು. ಒಂದು ಬಾಡಿ, ಎರಡು ಸಣ್ಣ ಲೆನ್ಸು ಇದ್ರೆ ಇದಕ್ಕಿಂತ ಸುಖ ಇಲ್ಲ. ಬೆನ್ನಿಂದ ಎದೆಗೆ ತಿರುಗಿಸಿದ್ರೆ ಬ್ಯಾಗೇ ಟೇಬಲ್ ಆಗತ್ತೆ, ಕೆಳಗಿಡೋ ಅಗತ್ಯಾನೇ ಇಲ್ಲ. ಆದ್ರೆ ಭಾರ ಎಲ್ಲಾ ಒಂದೇ ಭುಜದ ಮೇಲೆ, ನನ್ನ ಅನುಭವದಲ್ಲಿ 3 ಕೆಜಿ ದಾಟಿದ್ರೆ ಕತ್ತು ಹಿಡ್ಕೊಳ್ಳತ್ತೆ.

ಶೋಲ್ಡರ್ ಬ್ಯಾಗು: ಜನರ ಮಧ್ಯೆ ಕೆಲಸ ಮಾಡೋರಿಗೆ, ಲೆನ್ಸ್ ಪದೇ ಪದೇ ಬದಲಾಯ್ಸೋರಿಗೆ ಇವತ್ತಿಗೂ ಇದೇ ಬೆಸ್ಟು. 1970ರ ದಶಕದಲ್ಲಿ ಜಿಮ್ ಡೋಮ್ಕೆ ಅನ್ನೋ ಅಮೆರಿಕದ ಪತ್ರಿಕಾ ಛಾಯಾಗ್ರಾಹಕ ತನಗೆ ಬೇಕಾದ ಹಾಗೆ ಮೆತ್ತನೆಯ ಕ್ಯಾನ್ವಾಸ್ ಬ್ಯಾಗು ಮಾಡಿಸ್ಕೊಂಡ್ರು, ಎಫ್-2 ಅಂತ ಅದರ ಹೆಸರು, ಸುತ್ತ ದಪ್ಪ ಪ್ಯಾಡಿಂಗೇ ಇಲ್ಲ. ಬ್ಯಾಗು ಸೊಂಟಕ್ಕೆ ಅಂಟ್ಕೊಂಡಿರತ್ತೆ, ಕೈ ಹಾಕಿದ್ರೆ ಲೆನ್ಸ್ ಸಿಗತ್ತೆ. ಪ್ಯಾಡಿಂಗ್ ಜಾಸ್ತಿ ಇದ್ರೆ ಬ್ಯಾಗು ಒಳ್ಳೇದು ಅನ್ನೋ ನಂಬಿಕೆಗೆ ಆ ಬ್ಯಾಗು ಒಳ್ಳೇ ಉತ್ತರ, ಮೈಮೇಲೇ ಇರೋ ಬ್ಯಾಗಿಗೆ ಕೈಗೆ ಸಿಗೋದು ಮುಖ್ಯ, ಲಾರಿಗೆ ಹಾಕೋ ಪೆಟ್ಟಿಗೆಗೆ ಪ್ಯಾಡಿಂಗ್ ಮುಖ್ಯ.

ಬ್ಯಾಕ್‌ಪ್ಯಾಕು: ಎರಡು ಗಂಟೆಗಿಂತ ಜಾಸ್ತಿ ನಡೆಯೋದಿದ್ರೆ, 4-5 ಕೆಜಿ ದಾಟಿದ್ರೆ ಬೇರೆ ಯೋಚನೆ ಬೇಡ, ಇದೇ. ಎಲ್ಲಿ ತೆರೆಯತ್ತೆ ಅನ್ನೋದು ನೋಡಿ. ಮುಂದಿಂದ ತೆರೆಯೋ ಬ್ಯಾಗಾದ್ರೆ ಬೆನ್ನಿಗೆ ತಾಗೋ ಭಾಗವನ್ನೇ ಮಣ್ಣಿಗೆ ಹಾಕಿ ಮಲಗಿಸ್ಬೇಕು, ಆಮೇಲೆ ಅದೇ ಕೆಸರು ಶರ್ಟಿಗೆ. ಬೆನ್ನಿನ ಕಡೆಯಿಂದ ತೆರೆಯೋದಾದ್ರೆ ಮುಂಭಾಗ ಮಣ್ಣಲ್ಲಿರತ್ತೆ, ಬೆನ್ನು ಒಣಗಿರತ್ತೆ, ಜನಸಂದಣಿಯಲ್ಲಿ ಹಿಂದಿಂದ ಯಾರೂ ಜಿಪ್ ತೆಗೆಯೋಕೂ ಆಗಲ್ಲ. ನಾನಂತೂ ಬೆನ್ನಿನ ಕಡೆ ತೆರೆಯೋದನ್ನೇ ಹೇಳ್ತೀನಿ, ಜೊತೆಗೆ ಪಕ್ಕದಲ್ಲೂ ಒಂದು ಬಾಗ್ಲು ಇದ್ರೆ ಇನ್ನೂ ಒಳ್ಳೇದು, ಒಂದು ಪಟ್ಟಿ ಜಾರಿಸಿ ಬ್ಯಾಗು ಮುಂದೆ ತಂದ್ಕೊಂಡು ಬಾಡಿ ತೆಗೀಬಹುದು.

ಚಕ್ರದ ಬ್ಯಾಗು: ನೆಲ ನಯವಾಗಿರೋ ಕಡೆ ಮಾತ್ರ. ಮೆಟ್ಟಿಲು, ಜಲ್ಲಿ ರಸ್ತೆ ಬಂದ್ರೆ ಎತ್ತಲೇಬೇಕು, ಆಗ ಚಕ್ರ ಹ್ಯಾಂಡಲ್ಲಿನ ತೂಕಾನೂ ಸೇರಿ ಎತ್ತಬೇಕು.

ಇನ್ನೊಂದು ದಾರಿ ಇದೆ, ಕಡಿಮೆ ಜನಕ್ಕೆ ಗೊತ್ತು. ಕ್ಯಾಮೆರಾ ಇನ್ಸರ್ಟ್ ಅಂತ ಸಿಗತ್ತೆ, ಪ್ಯಾಡಿಂಗ್ ಇರೋ ಒಂದು ಡಬ್ಬಿ, ಅದನ್ನ ನಿಮ್ಮ ಹತ್ರ ಈಗಾಗ್ಲೇ ಇರೋ ಒಳ್ಳೇ ಟ್ರೆಕಿಂಗ್ ಬ್ಯಾಗಿನ ಒಳಗೆ ಇಳಿಸಿಬಿಡೋದು. ಬೆಟ್ಟ ಹತ್ತೋರಿಗೆ ಇದು ಎಷ್ಟೋ ಕ್ಯಾಮೆರಾ ಬ್ಯಾಗಿಗಿಂತ ವಾಸಿ, ಯಾಕಂದ್ರೆ ಟ್ರೆಕಿಂಗ್ ಬ್ಯಾಗು ಮಾಡೋರು ಬೆನ್ನಿಗೆ ಹೇಗೆ ಕೂರ್ಬೇಕು ಅನ್ನೋದನ್ನ ಮೊದಲು ಯೋಚಿಸಿರ್ತಾರೆ. ಕೈಗೆ ಬೇಗ ಸಿಗಲ್ಲ ಅನ್ನೋದೊಂದೇ ಕಷ್ಟ.

ಹೆಜ್ಜೆ 4: ಹಾಕ್ಕೊಂಡು ನೋಡಿ, ಖಾಲಿ ಬ್ಯಾಗನ್ನಲ್ಲ

ಖಾಲಿ ಬ್ಯಾಗು ಯಾವ್ದಾದ್ರೂ ಹಗುರಾನೇ. ನಿಮ್ಮ ಸಾಮಾನೇ ತಗೊಂಡು ಹೋಗಿ, ಆಗಲ್ಲ ಅಂದ್ರೆ ಅಷ್ಟೇ ತೂಕದ ನೀರಿನ ಬಾಟ್ಲಿಗಳನ್ನ ತುಂಬಿ. ಆನ್‌ಲೈನಲ್ಲಿ ತಂದಿದ್ರೆ ವಾಪಸ್ ಕೊಡೋ ದಿನ ಮುಗಿಯೋಕೆ ಮುಂಚೆ ಮನೇಲೇ ಮಾಡಿ, ಟ್ಯಾಗ್ ಕೀಳದೆ.

ಬ್ಯಾಕ್‌ಪ್ಯಾಕ್ ಆದ್ರೆ ಪಟ್ಟಿ ಎಲ್ಲಾ ಸಡಿಲ ಮಾಡಿ ಹಾಕ್ಕೊಳ್ಳಿ. ಮೊದಲು ಸೊಂಟದ ಬೆಲ್ಟು. ಅದು ಹೊಟ್ಟೆ ಮೇಲೆ ಕೂರ್ಬಾರ್ದು, ಸೊಂಟದ ಎರಡೂ ಕಡೆ ಮೂಳೆ ಕೈಗೆ ತಾಗತ್ತಲ್ಲ, ಅದರ ಮೇಲೆ ಕೂರ್ಬೇಕು. ಅದನ್ನ ಬಿಗಿ ಮಾಡಿ, ಆಮೇಲೆ ಭುಜದ ಪಟ್ಟಿ ಎಳೀರಿ, ಕೊನೆಗೆ ಎದೆ ಪಟ್ಟಿ. ಈಗ ಭುಜದ ಪಟ್ಟಿ ಕೆಳಗೆ ಎರಡು ಬೆರಳು ತೂರಿಸಿ ನೋಡಿ, ಸಲೀಸಾಗಿ ಹೋದ್ರೆ ಭಾರ ಸೊಂಟಕ್ಕೆ ಇಳಿದಿದೆ ಅಂತ. ಬೆರಳು ಹೋಗಲ್ಲ, ಪಟ್ಟಿ ಭುಜಕ್ಕೆ ಕೊರೀತಿದೆ ಅಂದ್ರೆ ಬ್ಯಾಗಿನ ಬೆನ್ನುದ್ದ ನಿಮಗೆ ಸರಿ ಇಲ್ಲ. ಎತ್ತರ ಒಂದೇ ಇದ್ರೂ ಬೆನ್ನಿನ ಉದ್ದ ಒಬ್ಬೊಬ್ರಿಗೆ ಒಂದೊಂಥರ, ಹಾಗಾಗಿ ಸ್ನೇಹಿತರಿಗೆ ಚೆನ್ನಾಗಿದ್ದ ಬ್ಯಾಗು ನಿಮಗೂ ಚೆನ್ನಾಗಿರತ್ತೆ ಅಂತೇನಿಲ್ಲ. ಬರೀ ಒಂದು ತೆಳು ನೈಲಾನ್ ಪಟ್ಟಿಯನ್ನ ಸೊಂಟದ ಬೆಲ್ಟ್ ಅಂತ ಕೊಟ್ಟಿದ್ರೆ ಅದು ಬ್ಯಾಗು ಅಲ್ಲಾಡದ ಹಾಗೆ ಹಿಡಿಯತ್ತೆ ಅಷ್ಟೇ, ಭಾರ ಹೊರಲ್ಲ.

ಹೀಗೆ ಹಾಕ್ಕೊಂಡು 20 ನಿಮಿಷ ಓಡಾಡಿ, ಮೆಟ್ಟಿಲು ಹತ್ತಿ ಇಳೀರಿ, ಬಗ್ಗಿ ಶೂ ಲೇಸ್ ಕಟ್ಟಿ. ಆಮೇಲೆ ಕ್ಯಾಮೆರಾ ತೆಗೆದು ವಾಪಸ್ ಇಡೋದನ್ನ ಹತ್ತು ಸಲ ಮಾಡಿ. ಮೂರನೇ ಸಲಕ್ಕೇ ಕಿರಿಕಿರಿ ಆದ್ರೆ ಮುನ್ನೂರನೇ ಸಲಕ್ಕೆ ಹೇಗಿರತ್ತೆ ನೋಡಿ.

ಹೆಜ್ಜೆ 5: ಬಟ್ಟೆ, ಜಿಪ್, ಹೊಲಿಗೆ, ಡಿವೈಡರ್

ಬಟ್ಟೆ ಮೇಲೆ 500ಡಿ, 1000ಡಿ, 1680ಡಿ ಅಂತ ಬರೆದಿರತ್ತಲ್ಲ, ಡಿ ಅಂದ್ರೆ ಡೆನಿಯರ್, 9000 ಮೀಟರ್ ನೂಲು ಎಷ್ಟು ಗ್ರಾಂ ತೂಗತ್ತೆ ಅನ್ನೋ ಲೆಕ್ಕ. ನೂಲು ದಪ್ಪ ಆದಷ್ಟೂ ಉಜ್ಜಾಟ ತಡ್ಕೊಳ್ಳತ್ತೆ, ತೂಕಾನೂ ಜಾಸ್ತಿ. ಆದ್ರೆ ಬರೀ ಸಂಖ್ಯೆ ನೋಡಿ ಮೋಸ ಹೋಗ್ಬೇಡಿ, ಒಳ್ಳೇ 500 ಡೆನಿಯರ್ ನೈಲಾನು ಎಷ್ಟೋ ಸಲ 1000 ಡೆನಿಯರ್ ಪಾಲಿಯೆಸ್ಟರಿಗಿಂತ ಗಟ್ಟಿ ಇರತ್ತೆ. ಒಳಗಡೆ ನೀರು ತಡೆಯೋಕೆ ಪಾಲಿಯುರೆಥೇನ್ ಲೇಪ ಇರತ್ತೆ, ಬಿಸಿ ತೇವ ಎರಡೂ ಸೇರಿದ್ರೆ ಕೆಲವು ವರ್ಷದಲ್ಲಿ ಅದು ಅಂಟಂಟಾಗಿ ಸಿಪ್ಪೆ ಥರ ಏಳತ್ತೆ, ಆ ಚೂರು ಲೆನ್ಸ್ ಮೇಲೆ ಬೀಳೋಕೆ ಶುರುವಾದ್ರೆ ಆ ಬ್ಯಾಗಿನ ಆಯಸ್ಸು ಮುಗೀತು ಅಂತ.

ಬ್ಯಾಗಲ್ಲಿ ಮೊದಲು ಹಾಳಾಗೋದು ಬಟ್ಟೆಗಿಂತ ಜಿಪ್ಪು. ವೈಕೆಕೆ (ಹೆಸರಾದ ಜಿಪ್ ಕಂಪನಿ) ಅಂತ ಸ್ಲೈಡರ್ ಮೇಲೆ ಇದ್ಯಾ ನೋಡಿ, ಇದ್ರೆ ಒಳ್ಳೇ ಲಕ್ಷಣ. ದೊಡ್ಡ ಮುಚ್ಚಳದ ಜಿಪ್ಪು 8 ಅಥವಾ 10ನೇ ನಂಬರ್ ಇದ್ರೆ ಗಟ್ಟಿ, ಸಣ್ಣ ಜೇಬಿಗೆ 5 ಸಾಕು. ಮೂಲೆ ತಿರುಗೋ ಕಡೆ ಒಂದೇ ಕೈಯಲ್ಲಿ ಎಳೆದು ನೋಡಿ, ಅಲ್ಲಿ ಸಿಕ್ಕಾಕ್ಕೊಂಡ್ರೆ ಬೇಡ.

ಜಿಪ್ ವಿಷಯದಲ್ಲಿ ಒಂದು ಘಟನೆ ಹೇಳ್ಬೇಕು. ಮದುವೆ ಮನೇಲಿ ಲೆನ್ಸ್ ಬದಲಾಯ್ಸಿ ಮುಚ್ಚಳ ಹಾಗೇ ಮುಚ್ಚಿಟ್ಟಿದ್ದೆ, ಜಿಪ್ ಹಾಕಿರ್ಲಿಲ್ಲ, ಸಹಾಯ ಮಾಡೋಣ ಅಂತ ಒಬ್ಬ ಹುಡುಗ ಹ್ಯಾಂಡಲ್ ಹಿಡಿದು ಬ್ಯಾಗು ಎತ್ತಿಬಿಟ್ಟ. ಮುಚ್ಚಳ ಕೆಳಗೆ ಮಡಚ್ಕೊಳ್ತು, ಮೊದಲು ಫ್ಲ್ಯಾಶು ಜಾರ್ತು, ಅದರ ಹಿಂದೇನೇ 85 ಎಂಎಂ, ಸಿಮೆಂಟ್ ನೆಲದ ಮೇಲೆ ಆ ಸದ್ದು ಈಗ್ಲೂ ಕಿವೀಲಿದೆ. ಫಿಲ್ಟರ್ ರಿಂಗು ನೆಗ್ಗಿ ಮೊಟ್ಟೆ ಆಕಾರ ಆಗಿತ್ತು. ಹುಡುಗನ ತಪ್ಪಿಲ್ಲ. ಅವತ್ತಿಂದ ಒಂದು ನಿಯಮ: ಬ್ಯಾಗು ಮುಚ್ಚಿದ್ರೆ ಜಿಪ್ ಹಾಕೇ ಮುಚ್ಚೋದು, ಹಾಕೋಕೆ ಆಗಲ್ಲ ಅಂದ್ರೆ ಮುಚ್ಚಳ ಪೂರ್ತಿ ತೆರೆದೇ ಬಿಡೋದು, ತೆರೆದಿದೆ ಅಂತ ನೋಡಿದವರಿಗೆ ಗೊತ್ತಾಗ್ಬೇಕು. ಬ್ಯಾಗು ಆರಿಸೋವಾಗ್ಲೂ ಇದನ್ನೇ ನೋಡಿ, ಜಿಪ್ ಜೊತೆ ಒಂದು ಬಕಲ್ ಇದ್ರೆ, ಅಥವಾ ಹ್ಯಾಂಡಲ್ ಇರೋದು ಮುಚ್ಚಳದ ಮೇಲಲ್ಲದೆ ಬೆನ್ನಿನ ಕಡೆ ಇದ್ರೆ ಈ ಥರದ್ದು ಕಡಿಮೆ ಆಗತ್ತೆ.

ಹೊಲಿಗೆ ನೋಡೋಕೆ ಭುಜದ ಪಟ್ಟಿ ಬ್ಯಾಗಿಗೆ ಸೇರೋ ಜಾಗಕ್ಕೆ ಹೋಗಿ. ಅಲ್ಲಿ ಚೌಕದೊಳಗೆ ಅಡ್ಡಡ್ಡ ಗೀಟು ಹಾಕಿದ ಥರ ಹೊಲಿಗೆ ಇರ್ಬೇಕು, ಅಥವಾ ಒತ್ತೊತ್ತಾಗಿ ಹಲವು ಸಾಲು. ಒಂದೇ ಸಾಲು ಹೊಲಿಗೆ ಇದ್ರೆ ವಾಪಸ್ ಇಡಿ. ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದ್ರೆ ಹೊಲಿಗೆ ತೂತು ಬಾಯ್ಬಿಡ್ಬಾರ್ದು.

ಡಿವೈಡರ್ ಪರೀಕ್ಷೆ ಸುಲಭ, ಹೆಬ್ಬೆರಳು ತೋರುಬೆರಳ ಮಧ್ಯೆ ಹಿಡಿದು ಗಟ್ಟಿಯಾಗಿ ಒತ್ತಿ ಬಿಡಿ. ಎರಡೂ ಬೆರಳು ಒಂದನ್ನೊಂದು ಮುಟ್ಟಿದ ಹಾಗೆ ಅನ್ನಿಸಿದ್ರೆ ಅದು ಬರೀ ಸ್ಪಂಜು. ಒತ್ತಿದ್ರೆ ತಡೆದು, ಬಿಟ್ರೆ ತಕ್ಷಣ ಮೇಲೇಳೋ ಫೋಮು ಬೇಕು. ಬ್ಯಾಗಿನ ತಳದಲ್ಲೂ ಹೀಗೇ ಒತ್ತಿ ನೋಡಿ, ಯಾಕಂದ್ರೆ ನಾವು ದಿನಾ ಬ್ಯಾಗನ್ನ ಇಡೋದು ತಳದ ಮೇಲೆ, ಪೆಟ್ಟು ಬೀಳೋದೆಲ್ಲಾ ಅಲ್ಲೇ, ಎಷ್ಟೋ ಬ್ಯಾಗಲ್ಲಿ ಪಕ್ಕ ದಪ್ಪ ಇದ್ದು ತಳ ತೆಳು ಇರತ್ತೆ.

ಹೆಜ್ಜೆ 6: ಹಾರ್ಡ್ ಕೇಸ್ ಬೇಕಾ?

ಸಾಮಾನು ನಿಮ್ಮ ಕೈಬಿಟ್ಟು ಬೇರೆಯವರ ಕೈಗೆ ಹೋಗತ್ತೆ ಅಂದ್ರೆ ಬೇಕು. ವಿಮಾನದ ಲಗೇಜು, ಲಾರಿ, ದೋಣಿ, ಜೀಪಿನ ಹಿಂಭಾಗ. ಬರೀ ನಿಮ್ಮ ಬೆನ್ನ ಮೇಲೇ ಇರೋದಾದ್ರೆ ಬೇಡ.

ಪೆಲಿಕನ್, ನಾನುಕ್, ಎಚ್‌ಪಿಆರ್‌ಸಿ ಥರದ ಕಂಪನಿಗಳ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಮುಚ್ಚಳದ ಸುತ್ತ ರಬ್ಬರ್ ರಿಂಗ್ ಇರತ್ತೆ. ಐಪಿ67 ಅಂತ ಇದ್ರೆ 6 ಅಂದ್ರೆ ಧೂಳು ಒಳಗೆ ಹೋಗಲ್ಲ, 7 ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದ್ರೂ ತಡ್ಕೊಳ್ಳತ್ತೆ ಅನ್ನೋ ಪರೀಕ್ಷೆ. ಹ್ಯಾಂಡಲ್ ಹತ್ರ ಒಂದು ಸಣ್ಣ ವಾಲ್ವ್ ಕಾಣ್ಸತ್ತೆ, ಅದು ಗಾಳಿಯ ಒತ್ತಡ ಸಮ ಮಾಡೋಕೆ. ಅದಿಲ್ಲದೆ ಎತ್ತರದ ಜಾಗದಲ್ಲಿ ಮುಚ್ಚಿದ ಪೆಟ್ಟಿಗೆ ಕೆಳಗೆ ಬಂದ್ಮೇಲೆ ತೆರೆಯೋಕೇ ಬರಲ್ಲ, ಹೊರಗಿನ ಗಾಳಿ ಮುಚ್ಚಳವನ್ನ ಒತ್ತಿ ಹಿಡಿದಿರತ್ತೆ. ಕೆಲವು ಮಾಡೆಲಲ್ಲಿ ಆ ವಾಲ್ವನ್ನ ಕೈಯಲ್ಲಿ ತಿರುಗಿಸ್ಬೇಕು, ಕೆಲವು ತಾವೇ ಮಾಡ್ಕೊಳ್ತವೆ.

ಒಳಗೆ ಏನು ಹಾಕಿಸ್ಬೇಕು ಅನ್ನೋದು ಪೆಟ್ಟಿಗೆಯಷ್ಟೇ ಮುಖ್ಯ. ಚೌಕ ಚೌಕವಾಗಿ ಕತ್ತರಿಸಿರೋ ಫೋಮು ಬರತ್ತೆ, ಬೇಕಾದಷ್ಟು ಕಿತ್ತು ಲೆನ್ಸಿನ ಆಕಾರ ಮಾಡೋದು. ನೋಡೋಕೆ ಚೆಂದ, ಆದ್ರೆ ಒಂದ್ಸಲ ಕಿತ್ರೆ ಕಿತ್ತ ಹಾಗೇ, ಕ್ಯಾಮೆರಾ ಬದಲಾದ್ರೆ ಫೋಮೂ ಬದಲಾಯ್ಸ್ಬೇಕು, ಮೇಲಾಗಿ ಈ ಫೋಮು ವರ್ಷಗಟ್ಟಲೆ ತೇವದಲ್ಲಿದ್ರೆ ಪುಡಿಪುಡಿಯಾಗಿ ಅಂಟ್ಕೊಳ್ಳತ್ತೆ. ನಾನು ಹೇಳೋದು ವೆಲ್ಕ್ರೋ ಡಿವೈಡರು ಅಥವಾ ಟ್ರೆಕ್‌ಪ್ಯಾಕ್ ಥರ ಪಿನ್ ಹಾಕಿ ಜೋಡಿಸೋ ಹಲಗೆ. ಫೋಮೇ ತಗೊಂಡ್ರೆ ಅಂಚಿಂದ ಎರಡು ಸಾಲು, ಒಂದು ಲೆನ್ಸಿಗೂ ಇನ್ನೊಂದಕ್ಕೂ ಮಧ್ಯೆ ಎರಡು ಸಾಲು ಕೀಳದೆ ಬಿಡಿ, ಒಂದೇ ಸಾಲು ಬಿಟ್ರೆ ವಾಲಾಡತ್ತೆ.

ತೂಕ ಮರೀಬೇಡಿ. ವಿಮಾನದ ಕ್ಯಾಬಿನ್‌ಗೆ ಅಂತಲೇ ಹೆಸರಾದ ಪೆಲಿಕನ್ 1510 ಹೊರ ಅಳತೆ 55.9 × 35.1 × 22.9 ಸೆಂ.ಮೀ., ಆದ್ರೆ ಖಾಲಿ ಪೆಟ್ಟಿಗೇನೇ 5 ಕೆಜಿ ದಾಟತ್ತೆ. ಕ್ಯಾಬಿನ್ ಮಿತಿ 7 ಕೆಜಿ ಅನ್ನೋ ಏರ್‌ಲೈನಲ್ಲಿ ಹೋದ್ರೆ ನಿಮ್ಮ ಕ್ಯಾಮೆರಾಗೆ ಉಳಿಯೋದು 2 ಕೆಜಿಗಿಂತ ಕಡಿಮೆ. ಹೆಜ್ಜೆ 1ರಲ್ಲಿ ಬರೆದಿಟ್ಟ ಚೀಟಿ ಇಲ್ಲಿ ನೋಡಿ.

ಹೆಜ್ಜೆ 7: ಒಳಗೆ ಜೋಡಿಸೋದು

ಭಾರದ್ದು ಬೆನ್ನಿಗೆ ಹತ್ರ ಇರ್ಲಿ, ದೂರ ಇದ್ರೆ ಬ್ಯಾಗು ಹಿಂದಕ್ಕೆ ಎಳೀತದೆ. ಬಾಡಿಗೆ ದೊಡ್ಡ ಲೆನ್ಸು ಹಾಕೇ ಇಡೋದಾದ್ರೆ ಲೆನ್ಸಿನ ಕೆಳಗೆ ಒಂದು ಡಿವೈಡರ್ ಆಸರೆ ಇರ್ಲಿ, ಲೆನ್ಸು ಗಾಳೀಲಿ ತೂಗಾಡ್ತಿದ್ರೆ ಪ್ರತಿ ಕುಲುಕಾಟಾನೂ ಲೆನ್ಸು ಬಾಡಿಗೆ ಸೇರೋ ಮೌಂಟಿನ ಮೇಲೆ ಬೀಳತ್ತೆ. ಪ್ರತಿ ಲೆನ್ಸಿಗೂ ಹಿಂದೆ ಮುಂದೆ ಕ್ಯಾಪು ಬೇಕೇ ಬೇಕು. ಲೋಹಕ್ಕೆ ಲೋಹ ತಾಗ್ಬಾರ್ದು.

ಡಿವೈಡರ್ ಹಾಕೋವಾಗ ಲೆನ್ಸನ್ನ ಇಟ್ಟು ಅದರ ಸುತ್ತ ಡಿವೈಡರ್ ಅಂಟಿಸಿ, ಮೊದಲು ಖಾನೆ ಮಾಡಿ ಆಮೇಲೆ ಲೆನ್ಸ್ ತುರುಕ್ಬೇಡಿ. ಎಲ್ಲಾ ಆದ್ಮೇಲೆ ಜಿಪ್ ಹಾಕಿ ಬ್ಯಾಗನ್ನ ಹಾಸಿಗೆ ಮೇಲೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ. ಟಕ್ ಟಕ್ ಅಂತ ಎಲ್ಲಿ ಸದ್ದು ಬರತ್ತೋ ಅಲ್ಲಿ ಒಂದು ಬಟ್ಟೆ ತುಂಬಿ.

ಚಾರ್ಜ್ ಆಗಿರೋ ಬ್ಯಾಟರಿ ಬಲ ಜೇಬಲ್ಲಿ, ಖಾಲಿ ಎಡ ಜೇಬಲ್ಲಿ, ಕಾರ್ಡೂ ಹಾಗೇ. ಇದನ್ನ ಒಂದು ತಿಂಗಳು ಪಾಲಿಸಿದ್ರೆ ಕತ್ತಲಲ್ಲೂ ಕೈ ತಾನಾಗೇ ಹೋಗತ್ತೆ.

ಹೆಜ್ಜೆ 8: ವಿಮಾನದಲ್ಲಿ ಹೋಗೋದಿದ್ರೆ

ಲಿಥಿಯಂ ಬ್ಯಾಟರಿ, ಬಾಡಿ ಒಳಗಿರೋದು ಬಿಟ್ಟು ಬಿಡಿಯಾಗಿರೋ ಅಷ್ಟೂ, ಕ್ಯಾಬಿನಲ್ಲೇ ಹೋಗ್ಬೇಕು, ಚೆಕ್-ಇನ್ ಲಗೇಜಿಗೆ ಹಾಕೋ ಹಾಗಿಲ್ಲ. 100 ವ್ಯಾಟ್-ಅವರ್ ಒಳಗಿನವಕ್ಕೆ ವಿಶೇಷ ಅನುಮತಿ ಬೇಡ, 100ರಿಂದ 160ರವರೆಗೆ ಏರ್‌ಲೈನ್ ಒಪ್ಪಿಗೆ ಬೇಕು, ಅದೂ ಎರಡೇ, 160 ದಾಟಿದ್ರೆ ಪ್ರಯಾಣಿಕರ ಲಗೇಜಲ್ಲಿ ಇಲ್ಲವೇ ಇಲ್ಲ. ಲೆಕ್ಕ ಸುಲಭ: ವೋಲ್ಟೇಜನ್ನ ಆಂಪಿಯರ್-ಅವರಿಂದ ಗುಣಿಸಿ. 7.2 ವೋಲ್ಟ್, 2280 ಎಂಎಎಚ್ ಬ್ಯಾಟರಿ ಅಂದ್ರೆ 7.2 × 2.28, ಸುಮಾರು 16.4. ಮಾಮೂಲಿ ಕ್ಯಾಮೆರಾ ಬ್ಯಾಟರಿಗೆ ತೊಂದ್ರೆ ಇಲ್ಲ, ವಿಡಿಯೋದವರ ದೊಡ್ಡ ಬ್ಯಾಟರಿಗೆ ಮಾತ್ರ ಗಮನ ಬೇಕು. ತುದಿಗಳು ಒಂದಕ್ಕೊಂದು ತಾಗದ ಹಾಗೆ ಕ್ಯಾಪ್ ಹಾಕಿ ಅಥವಾ ಒಂದೊಂದನ್ನೂ ಬೇರೆ ಬೇರೆ ಕವರಲ್ಲಿ ಹಾಕಿ. ಎಷ್ಟು ಬ್ಯಾಟರಿ ಅನ್ನೋದಕ್ಕೆ ಏರ್‌ಲೈನ್‌ಗಳದ್ದೇ ಸ್ವಂತ ಮಿತಿ ಇರತ್ತೆ, ಹೊರಡೋಕೆ ಮುಂಚೆ ಅವರ ಸೈಟ್ ನೋಡ್ಕೊಳ್ಳಿ.

ಕೆಲವೊಮ್ಮೆ ವಿಮಾನದ ಬಾಗಿಲಲ್ಲಿ ಜಾಗ ಇಲ್ಲ, ಬ್ಯಾಗು ಕೆಳಗೆ ಹಾಕ್ತೀವಿ ಅಂತಾರೆ. ಆಗ ಗಾಬರಿ ಆಗದೆ ಇರೋಕೆ ಬಾಡಿ, ಕಾರ್ಡು, ಬ್ಯಾಟರಿ ಎಲ್ಲಾ ಒಂದು ಸಣ್ಣ ಒಳಬ್ಯಾಗಲ್ಲಿ ಇರ್ಲಿ, ಅದನ್ನ ಎತ್ಕೊಂಡು ಉಳಿದಿದ್ದು ಕೊಡ್ಬಹುದು. ಫಿಲ್ಮ್ ಬಳಸೋರು ಫಿಲ್ಮನ್ನ ಯಾವ ಕಾರಣಕ್ಕೂ ಚೆಕ್-ಇನ್ ಲಗೇಜಿಗೆ ಹಾಕ್ಬೇಡಿ, ಅಲ್ಲಿನ ಎಕ್ಸ್-ರೇಗೆ ಫಿಲ್ಮ್ ಮಂಕಾಗತ್ತೆ, ಹೊಸ ಸಿ.ಟಿ. ಸ್ಕ್ಯಾನರ್ (ಇನ್ನೂ ಜೋರಿನ ಎಕ್ಸ್-ರೇ ಯಂತ್ರ) ಇರೋ ಕಡೆ ಕ್ಯಾಬಿನ್ ಬ್ಯಾಗಲ್ಲೂ ಅಪಾಯ, ಪಾರದರ್ಶಕ ಕವರಲ್ಲಿಟ್ಟು ಕೈಯಲ್ಲಿ ತಪಾಸಣೆ ಮಾಡಿ ಅಂತ ಕೇಳಿ.

ಹೆಜ್ಜೆ 9: ಮಳೆ, ಮರಳು, ಚಳಿ

ವಾಟರ್ ರೆಸಿಸ್ಟೆಂಟ್ ಅಂದ್ರೆ ತುಂತುರು ತಡ್ಕೊಳ್ಳತ್ತೆ ಅಂತಷ್ಟೇ. ಅರ್ಧ ಗಂಟೆ ಜೋರು ಮಳೇಲಿ ಜಿಪ್ಪು, ಹೊಲಿಗೆ ತೂತುಗಳಿಂದ ನೀರು ಬಂದೇ ಬರತ್ತೆ. ರೇನ್ ಕವರ್ ಇರ್ಲಿ, ಆದ್ರೆ ಅದು ಬೆನ್ನಿನ ಕಡೆ ಮುಚ್ಚಲ್ಲ, ಬೆನ್ನಿಂದ ಇಳಿದ ನೀರು ಕವರಿನ ತಳದಲ್ಲಿ ನಿಲ್ಲತ್ತೆ. ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಮಡಚಿಟ್ಟಿರಿ, ಜೋರು ಮಳೆ ಬಂದ್ರೆ ಕ್ಯಾಮೆರಾನ ಅದರೊಳಗೆ ಹಾಕಿ ಬ್ಯಾಗಲ್ಲಿಡಿ. ಮನೆಗೆ ಬಂದ ತಕ್ಷಣ ಎಲ್ಲಾ ಹೊರಗೆ, ಬ್ಯಾಗು ಜಿಪ್ ತೆರೆದು ಫ್ಯಾನ್ ಕೆಳಗೆ.

ಮರಳಿನ ಜಾಗದಿಂದ ಬಂದ್ರೆ ಮೊದಲು ಜಿಪ್ ಹಲ್ಲುಗಳನ್ನ ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಿ.

ಚಳಿಯಿಂದ ಬೆಚ್ಚಗಿನ ಕೋಣೆಗೆ, ಅಥವಾ ಎಸಿಯಿಂದ ಬಿಸಿಲಿಗೆ ಬಂದಾಗ ತಣ್ಣಗಿರೋ ಗಾಜಿನ ಮೇಲೆ ಗಾಳಿಯ ತೇವ ಹನಿಗಟ್ಟತ್ತೆ. ಬ್ಯಾಗು ತೆರೀಬೇಡಿ. ಜಿಪ್ ಹಾಕಿದ ಹಾಗೇ ಒಂದೆರಡು ಗಂಟೆ ಬಿಟ್ರೆ ಒಳಗಿರೋದು ನಿಧಾನಕ್ಕೆ ಬೆಚ್ಚಗಾಗತ್ತೆ, ಪ್ಯಾಡಿಂಗ್ ದಪ್ಪ ಇರೋದು ಇಲ್ಲಿ ಉಪಕಾರಕ್ಕೆ ಬರತ್ತೆ. ಫೋಟೋ ನೋಡೋ ಆತುರ ಇದ್ರೆ ಒಳಗೆ ಬರೋ ಮುಂಚೆ ಹೊರಗೇ ಕಾರ್ಡ್ ತೆಗೆದಿಟ್ಕೊಳ್ಳಿ.

ಹೆಜ್ಜೆ 10: ಮನೇಲಿ ಇಡೋದು

ಮೊದಲು ಹೇಳಿದ ಬೂಷ್ಟಿಗೆ ಬರೋಣ. ಗಾಳಿಯ ಸಾಪೇಕ್ಷ ತೇವ ಶೇ. 60 ದಾಟಿ, ಕತ್ತಲೆ ಇದ್ದು, ಗಾಳಿ ಓಡಾಡದೆ ಇದ್ರೆ ಅದು ಬೆಳೆಯೋಕೆ ಶುರು. ಮುಚ್ಚಿದ ಬ್ಯಾಗು ಈ ಮೂರನ್ನೂ ಒದಗಿಸತ್ತೆ. ಗಾಜಿನ ಮೇಲಿನ ಲೇಪವನ್ನೇ ಅದು ಕೊರೆದುಬಿಟ್ರೆ ಸ್ವಚ್ಛ ಮಾಡಿದ್ರೂ ಗುರುತು ಹೋಗಲ್ಲ.

ಮೊದಲನೇ ಕೆಲಸ, ಗಾಳಿಯ ತೇವ ಅಳೆಯೋ ಒಂದು ಸಣ್ಣ ಹೈಗ್ರೋಮೀಟರ್ ತಗೊಂಡು ಈಗ ಕ್ಯಾಮೆರಾ ಇಟ್ಟಿರೋ ಜಾಗದಲ್ಲಿ ಒಂದು ವಾರ ಇಡಿ. ಸಂಖ್ಯೆ ನೋಡದೆ ತೀರ್ಮಾನ ಮಾಡ್ಬೇಡಿ. ವರ್ಷವಿಡೀ 40-50 ಇದ್ರೆ ತೆರೆದ ಕಪಾಟೇ ಸಾಕು. ಜಾಸ್ತಿ ಇದ್ರೆ ಎರಡು ದಾರಿ.

ಸಾಮಾನು ಕಡಿಮೆ ಇದ್ರೆ ರಬ್ಬರ್ ಅಂಚಿರೋ ಗಾಳಿ ಹೋಗದ ಡಬ್ಬಿ, ಅದರಲ್ಲಿ ಹೈಗ್ರೋಮೀಟರ್ ಮತ್ತೆ ತೇವ ಹೀರೋ ಸಿಲಿಕಾ ಜೆಲ್ ಹರಳು. ಬಣ್ಣ ಬದಲಾಗೋ ಜೆಲ್ ತಗೊಳ್ಳಿ, ಕಿತ್ತಳೆಯಿಂದ ಹಸಿರಿಗೆ ತಿರುಗೋದು. ನೀಲಿಯಿಂದ ಗುಲಾಬಿಗೆ ತಿರುಗೋದ್ರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರತ್ತೆ, ಅದು ವಿಷ, ಮಕ್ಕಳಿರೋ ಮನೇಲಿ ಬೇಡವೇ ಬೇಡ. ಬಣ್ಣ ತಿರುಗಿದ್ಮೇಲೆ ಓವನಲ್ಲಿ ಸುಮಾರು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ರೆ ಮತ್ತೆ ಕೆಲಸಕ್ಕೆ ಬರತ್ತೆ, ಪ್ಯಾಕೆಟ್ಟಲ್ಲಿ ಇರೋದಾದ್ರೆ ಮೊದಲು ಬಟ್ಟಲಿಗೆ ಸುರೀರಿ. ತೆರೆದ ಬ್ಯಾಗಿಗೆ ಎರಡು ಸಣ್ಣ ಪ್ಯಾಕೆಟ್ ಹಾಕಿಟ್ರೆ ಏನೂ ಪ್ರಯೋಜನ ಇಲ್ಲ, ಅದು ಕೋಣೆಯ ಗಾಳಿಯನ್ನೆಲ್ಲ ಒಣಗಿಸೋಕೆ ಹೋಗಿ ಒಂದೆರಡು ದಿನದಲ್ಲಿ ತುಂಬಿಬಿಡತ್ತೆ.

ಮೂರು ಲೆನ್ಸಿಗಿಂತ ಜಾಸ್ತಿ ಇದ್ರೆ ಡ್ರೈ ಕ್ಯಾಬಿನೆಟ್. ಕರೆಂಟಲ್ಲಿ ನಡೆಯೋ ಸಣ್ಣ ಬೀರು, ಗಾಜಿನ ಬಾಗಿಲು, 40-50ಕ್ಕೆ ಇಟ್ಟು ಬಿಟ್ಬಿಡೋದು. 30ಕ್ಕಿಂತ ಕೆಳಗೆ ಇಳಿಸ್ಬೇಡಿ, ಅಷ್ಟು ಒಣ ಗಾಳಿ ರಬ್ಬರಿಗೆ ಒಳ್ಳೇದಲ್ಲ. ಹಾರ್ಡ್ ಕೇಸಲ್ಲೇ ಇಡ್ತೀನಿ ಅನ್ನೋರು ಒಂದು ನೆನಪಿಡಿ, ಅದು ತೇವವನ್ನ ಒಳಗೆ ಬಿಡಲ್ಲ, ಒಳಗಿರೋ ತೇವವನ್ನ ಹೊರಗೂ ಬಿಡಲ್ಲ, ಒದ್ದೆ ಫೋಮಿನ ಮೇಲೆ ಮುಚ್ಚಿಟ್ರೆ ಬ್ಯಾಗಿಗಿಂತ ಕೆಟ್ಟದ್ದು.

ಚರ್ಮದ ಕೇಸು, ಚರ್ಮದ ಪಟ್ಟಿ ಇದ್ರೆ ಕ್ಯಾಮೆರಾದಿಂದ ಬಿಚ್ಚಿ ಬೇರೆ ಕಡೆ ಇಡಿ, ಬೂಷ್ಟು ಮೊದಲು ಹಿಡಿಯೋದು ಅದಕ್ಕೇ. ತಿಂಗಳಿಗೊಮ್ಮೆ ಪ್ರತಿ ಲೆನ್ಸನ್ನ ತೆಗೆದು ಬೆಳಕಿಗೆ ಹಿಡಿದು ನೋಡಿ, ರಿಂಗುಗಳನ್ನ ಒಂದೆರಡು ಸಲ ತಿರುಗಿಸಿ. ಬೂಷ್ಟು ಹಿಡಿದ ಲೆನ್ಸು ಸಿಕ್ರೆ ಉಳಿದವುಗಳಿಂದ ದೂರ ಇಟ್ಟು, ಬೆಳೆಯೋಕೆ ಬಿಡದೆ ಬೇಗ ಸರ್ವೀಸಿಗೆ ಕೊಡಿ.

ಹೆಜ್ಜೆ 11: ಬ್ಯಾಗಿನ ಆರೈಕೆ

ಖಾಲಿ ಬ್ಯಾಗನ್ನ ಎರಡು ತಿಂಗಳಿಗೊಮ್ಮೆ ಡಿವೈಡರ್ ಎಲ್ಲಾ ಕಿತ್ತು, ತಲೆಕೆಳಗೆ ಮಾಡಿ ಬಡೀರಿ, ವ್ಯಾಕ್ಯೂಮ್ ಹಾಕಿ. ಅಲ್ಲಿಂದ ಉದುರೋ ಧೂಳೇ ನಾಳೆ ಸೆನ್ಸರ್ ಮೇಲೆ ಕೂರೋದು. ವಾಷಿಂಗ್ ಮೆಷಿನ್ನಿಗೆ ಹಾಕ್ಬೇಡಿ, ಒಳಗಿನ ಲೇಪ ಏಳತ್ತೆ, ಒದ್ದೆ ಬಟ್ಟೆ, ಸ್ವಲ್ಪ ಸೋಪು ಸಾಕು, ನೆರಳಲ್ಲಿ ಒಣಗಿಸಿ. ಮೂಗಿಗೆ ಹತ್ರ ಹಿಡಿದು ವಾಸನೆ ನೋಡಿ, ಮುಗ್ಗಲು ವಾಸನೆ ಬಂದ್ರೆ ಬಿಸಿಲಿಗೆ ಹಾಕಿ, ಆದ್ಮೇಲೂ ಹೋಗ್ಲಿಲ್ಲ ಅಂದ್ರೆ ಆ ಬ್ಯಾಗಿಗೆ ಲೆನ್ಸ್ ಹಾಕ್ಬೇಡಿ. ಸೆಕೆಂಡ್ ಹ್ಯಾಂಡ್ ಬ್ಯಾಗು ತಗೊಳ್ಳೋವಾಗ್ಲೂ ನಾನು ಮೊದಲು ನೋಡೋದು ವಾಸನೆ, ಆಮೇಲೆ ಜಿಪ್ಪು.

ಜಿಪ್ ಬಿಗಿಯಾದ್ರೆ ಮೇಣದಬತ್ತಿ ತುಂಡಿಂದ ಹಲ್ಲುಗಳ ಮೇಲೆ ಎರಡು ಸಲ ಉಜ್ಜಿ, ಎಣ್ಣೆ ಬೇಡ, ಧೂಳು ಹಿಡಿಯತ್ತೆ. ಇನ್ನು ಬಾಡಿ, ಲೆನ್ಸುಗಳ ಸೀರಿಯಲ್ ನಂಬರ್ ಎಲ್ಲಾ ಫೋಟೋ ತೆಗೆದು ಫೋನಲ್ಲಿ ಇಟ್ಕೊಳ್ಳಿ, ನಿಮ್ಮ ಹೆಸರು ಫೋನ್ ನಂಬರ್ ಬರೆದ ಚೀಟಿ ಬ್ಯಾಗಿನ ಒಳಗೆ ಒಂದು, ಹಾರ್ಡ್ ಕೇಸಿನ ಮುಚ್ಚಳದ ಒಳಗೆ ಒಂದು ಅಂಟಿಸಿ. ಹೊರಗಡೆ ಕ್ಯಾಮೆರಾ ಕಂಪನಿ ಹೆಸರಿರೋ ಪಟ್ಟಿ, ಸ್ಟಿಕ್ಕರ್ ಇದ್ರೆ ಕಿತ್ತಾಕಿ, ಒಳಗೇನಿದೆ ಅಂತ ದಾರಿಹೋಕರಿಗೆ ಗೊತ್ತಾಗೋದು ಬೇಡ.